ಫ್ಲಾಪಿ ಡಿಸ್ಕ್: ಕಾಂತೀಯ ಸಂಗ್ರಹಣದ ಒಂದು ಕಾಲಘಟ್ಟ ಮತ್ತು ಕನ್ನಡ ಪಠ್ಯಗಳ ಉಳಿವು

ಗಣಕದಲ್ಲಿ ಕಡತವನ್ನು ಉಳಿಸಲು ಒತ್ತುವ ಗುಂಡಿಯ ಮೇಲೆ ಇಂದಿಗೂ ಒಂದು ಪುಟ್ಟ ಚೌಕದ ಚಿತ್ರವಿರುತ್ತದೆ. ಅದನ್ನು ದಿನವೂ ಒತ್ತುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆ ವಸ್ತುವನ್ನು ಕೈಯಲ್ಲಿ ಹಿಡಿದವರಲ್ಲ. ಗಣಕದ ಮುಖ್ಯ ಡಿಸ್ಕಿಗೆ ‘ಸಿ’ ಎಂಬ ಅಕ್ಷರವೇ ಏಕೆ ಬಂದಿತೆಂಬುದೂ ಅವರಿಗೆ ಒಗಟಾಗಿಯೇ ಉಳಿದಿದೆ. ‘ಎ’ ಮತ್ತು ‘ಬಿ’ ಎಂಬೆರಡು ಅಕ್ಷರಗಳು ಫ್ಲಾಪಿ ಡ್ರೈವುಗಳಿಗೆ ಮೀಸಲಾಗಿದ್ದವು. ಹಾರ್ಡ್ ಡಿಸ್ಕ್ ಬಂದಾಗ ಅದಕ್ಕೆ ಮೂರನೆಯ ಅಕ್ಷರ ದೊರೆಯಿತು. ವಸ್ತು ಕಣ್ಮರೆಯಾದರೂ ಅದರ ಹೆಸರು ಮತ್ತು ಚಿಹ್ನೆಗಳು ಉಳಿದುಕೊಂಡಿರುವ ಈ ಸಂಗತಿ ಕುತೂಹಲಕರವಾದುದೇ ಹೌದು.

ಆದರೆ ಸಂಶೋಧಕರಿಗೂ ಗ್ರಂಥಾಲಯಗಳಿಗೂ ಫ್ಲಾಪಿ ಡಿಸ್ಕ್ ಕೇವಲ ಕುತೂಹಲದ ವಸ್ತುವಲ್ಲ. 1980ರ ದಶಕದ ಕೊನೆಯಿಂದ 2000ದ ದಶಕದ ಮೊದಲ ವರ್ಷಗಳವರೆಗೆ ಕನ್ನಡದ ಪುಸ್ತಕ, ನಿಯತಕಾಲಿಕೆ, ಅಭಿನಂದನ ಗ್ರಂಥ, ಮಹಾಪ್ರಬಂಧಗಳಲ್ಲಿ ಬಹುಪಾಲು ಗಣಕದಲ್ಲಿ ಅಕ್ಷರ ಜೋಡಣೆಗೊಂಡು, ಫ್ಲಾಪಿಯ ಮೂಲಕವೇ ಒಂದು ಕೈಯಿಂದ ಇನ್ನೊಂದು ಕೈಗೆ ಸಾಗಿದವು. ಮುದ್ರಿತ ಪ್ರತಿಗಳು ಕಪಾಟುಗಳಲ್ಲಿವೆ. ಅವುಗಳ ಗಣಕಪಠ್ಯ ಎಲ್ಲಿದೆ, ಇದ್ದರೂ ಅದನ್ನು ಓದಬಹುದೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾದರೆ ಆ ಮಾಧ್ಯಮದ ರಚನೆಯನ್ನೂ ಅದು ಕೆಡುವ ಬಗೆಯನ್ನೂ ಅರಿಯುವುದು ಅಗತ್ಯ.

ಹುಟ್ಟು ಮತ್ತು ಗಾತ್ರದ ಇಳಿಕೆ

ಫ್ಲಾಪಿ ಹುಟ್ಟಿದ್ದು ಬಳಕೆದಾರರ ಬರಹಗಳನ್ನು ಉಳಿಸುವುದಕ್ಕಾಗಿ ಅಲ್ಲವೆಂಬುದು ಗಮನಾರ್ಹ. 1960ರ ದಶಕದ ಕೊನೆಯಲ್ಲಿ ಐಬಿಎಂ ಸಂಸ್ಥೆ ತನ್ನ ‘ಸಿಸ್ಟಂ 370’ ಶ್ರೇಣಿಯ ದೊಡ್ಡ ಗಣಕಗಳನ್ನು ರೂಪಿಸುತ್ತಿತ್ತು. ಯಂತ್ರದ ಒಳಗಿನ ನಿಯಂತ್ರಣ ಸೂಚನೆಗಳನ್ನು ಅರೆವಾಹಕ ಸ್ಮೃತಿಯಲ್ಲಿ ಇರಿಸಬೇಕೆಂಬುದು ಅದರ ಆಲೋಚನೆ. ಅರೆವಾಹಕ ಸ್ಮೃತಿ ವೇಗವಾದುದು. ಆದರೆ ವಿದ್ಯುತ್ ನಿಂತೊಡನೆ ಅದರಲ್ಲಿದ್ದುದೆಲ್ಲ ಅಳಿದುಹೋಗುತ್ತದೆ. ಹೀಗಾಗಿ ಯಂತ್ರವನ್ನು ಚಾಲೂ ಮಾಡಿದಾಗಲೆಲ್ಲ ಸೂಚನೆಗಳನ್ನು ಮತ್ತೆ ತುಂಬುವ, ಅಂಚೆಯಲ್ಲಿ ಕಳುಹಿಸಬಹುದಾದಷ್ಟು ಹಗುರವಾದ, ಅಗ್ಗದ ಸಾಧನವೊಂದು ಬೇಕಾಯಿತು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿದ್ದ ಪ್ರಯೋಗಾಲಯದಲ್ಲಿ ಆಲನ್ ಶುಗಾರ್ಟ್ ಅವರ ನಿರ್ದೇಶನದಲ್ಲಿ ಡೇವಿಡ್ ನೋಬಲ್ ಮತ್ತು ಸಂಗಡಿಗರು 1967ರಿಂದ ಈ ಕೆಲಸದಲ್ಲಿ ತೊಡಗಿದರು. ಕಾಂತೀಯ ಲೇಪವಿರುವ ಬಾಗುವ ಪ್ಲಾಸ್ಟಿಕ್ ತಟ್ಟೆ ಅವರು ಕಂಡುಕೊಂಡ ದಾರಿ. ಹೊದಿಕೆಯಿಲ್ಲದ ತಟ್ಟೆಯ ಮೇಲೆ ದೂಳು ಕುಳಿತು ಓದುವಿಕೆ ತಪ್ಪುತ್ತಿದ್ದುದರಿಂದ, ಒಳಮೈಗೆ ಮೃದುವಾದ ಬಟ್ಟೆಯ ಪದರವುಳ್ಳ ಚೌಕಾಕಾರದ ಲಕೋಟೆಯಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಿದರು. ತಟ್ಟೆ ತಿರುಗಿದಂತೆಲ್ಲ ಬಟ್ಟೆಯೇ ಅದನ್ನು ಒರೆಸುತ್ತದೆ. ಫ್ಲಾಪಿಯ ಯಶಸ್ಸಿಗೆ ಕಾಂತೀಯ ಲೇಪಕ್ಕಿಂತ ಈ ಲಕೋಟೆಯೇ ಹೆಚ್ಚು ಕಾರಣವೆಂದರೂ ತಪ್ಪಾಗದು.

1971ರಲ್ಲಿ ಬಳಕೆಗೆ ಬಂದ ಮೊದಲ ಫ್ಲಾಪಿಯ ವ್ಯಾಸ 8 ಅಂಗುಲ, ಧಾರಣೆ ಸುಮಾರು 80 ಕಿಲೋಬೈಟ್. ಬಳಕೆದಾರನು ಅದನ್ನು ಓದಿಸಬಹುದಿತ್ತೇ ಹೊರತು ಅದರ ಮೇಲೆ ಬರೆಯುವಂತಿರಲಿಲ್ಲ. ಬರೆಯಲೂ ಬರುವ 8 ಅಂಗುಲದ ಫ್ಲಾಪಿಯನ್ನು ಐಬಿಎಂ 1973ರಲ್ಲಿ ತನ್ನ ‘3740’ ದತ್ತಾಂಶ ನಮೂದು ಯಂತ್ರದೊಂದಿಗೆ ಹೊರತಂದಿತು. ಅದರಲ್ಲಿ ಬಳಕೆದಾರನಿಗೆ ದೊರೆಯುತ್ತಿದ್ದ 73 ಟ್ರ್ಯಾಕುಗಳಲ್ಲಿ ತಲಾ 26 ಸೆಕ್ಟರು, ಪ್ರತಿ ಸೆಕ್ಟರಿಗೆ 128 ಬೈಟ್. ಒಟ್ಟು 2,42,944 ಬೈಟ್. ಅಂದಿನ ರೂಢಿಯ ಪಂಚ್ ಕಾರ್ಡಿನಲ್ಲಿ 80 ಅಕ್ಷರಗಳಿಗೆ ಮಾತ್ರ ಸ್ಥಳವಿದ್ದುದರಿಂದ, ಮೂರು ಸಾವಿರಕ್ಕೂ ಹೆಚ್ಚು ಕಾರ್ಡುಗಳ ಹೊರೆ ಒಂದು ಲಕೋಟೆಯೊಳಗೆ ಅಡಗಿದಂತಾಯಿತು. ಕಾರ್ಡುಗಳ ಕಟ್ಟು ಕೈಜಾರಿ ಚೆಲ್ಲಿದರೆ ಮತ್ತೆ ಕ್ರಮಕ್ಕೆ ತರುವ ಪಾಡನ್ನು ಅನುಭವಿಸಿದವರಿಗೆ ಇದರ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿರಲಿಲ್ಲ.

ಐಬಿಎಂ ತೊರೆದ ಶುಗಾರ್ಟ್ 1973ರಲ್ಲಿ ತಮ್ಮ ಹೆಸರಿನ ಸಂಸ್ಥೆಯನ್ನು ಕಟ್ಟಿದರು. ಕೆಲಕಾಲದಲ್ಲೇ ಅವರು ಅದರಿಂದ ಹೊರಬಂದರಾದರೂ, ಅದೇ ಸಂಸ್ಥೆ 1976ರಲ್ಲಿ ಐದೂಕಾಲು ಅಂಗುಲದ ಫ್ಲಾಪಿಯನ್ನು ಮಾರುಕಟ್ಟೆಗೆ ತಂದಿತು. ಮೇಜಿನ ಮೇಲಿನ ಸಣ್ಣ ಗಣಕಕ್ಕೆ 8 ಅಂಗುಲದ ಡ್ರೈವ್ ತೀರ ದೊಡ್ಡದೆನಿಸಿದ್ದೇ ಇದಕ್ಕೆ ಪ್ರೇರಣೆ. 1978ರಲ್ಲಿ ಆಪಲ್ ಸಂಸ್ಥೆಗಾಗಿ ಸ್ಟೀವ್ ವೋಜ್ನಿಯಾಕ್ ರೂಪಿಸಿದ ‘ಡಿಸ್ಕ್ 2’ ಡ್ರೈವ್, ದುಬಾರಿ ಬಿಡಿಭಾಗಗಳ ಕೆಲಸವನ್ನು ತಂತ್ರಾಂಶದಿಂದಲೇ ಮಾಡಿಸಿ ಬೆಲೆಯನ್ನು ತಗ್ಗಿಸಿತು. ಮನೆಯಲ್ಲಿ ಗಣಕವಿಟ್ಟುಕೊಂಡವರು ಕ್ಯಾಸೆಟ್ ಟೇಪಿನ ಮಂದಗತಿಯಿಂದ ಬಿಡುಗಡೆ ಪಡೆದರು. 1981ರ ಐಬಿಎಂ ಪಿಸಿಯಲ್ಲಿ 160 ಕಿಲೋಬೈಟಿನ ಫ್ಲಾಪಿಯಿತ್ತು. ತಟ್ಟೆಯ ಎರಡೂ ಮುಖಗಳ ಬಳಕೆಯಿಂದಲೂ ಸೆಕ್ಟರುಗಳ ಹೆಚ್ಚಳದಿಂದಲೂ ಅದು 1983ರ ವೇಳೆಗೆ 360 ಕಿಲೋಬೈಟಿಗೆ ಏರಿತು. 1984ರಲ್ಲಿ ಬಂದ ಪಿಸಿ-ಎಟಿ ಮಾದರಿಯೊಂದಿಗೆ 1.2 ಮೆಗಾಬೈಟಿನ ಅಧಿಕ ಸಾಂದ್ರತೆಯ ಡ್ರೈವ್ ಬಂದಿತು.

ಮೂರೂವರೆ ಅಂಗುಲದ ಫ್ಲಾಪಿ ಜಪಾನಿನ ಸೋನಿ ಸಂಸ್ಥೆಯ ಕೊಡುಗೆ. ವಾಸ್ತವದಲ್ಲಿ ಅದರ ಅಗಲ 90 ಮಿಲಿಮೀಟರ್. ‘ಮೂರೂವರೆ’ ಎಂಬುದು ಮಾತಿನ ಅನುಕೂಲಕ್ಕೆ ಬಂದ ಹೆಸರು. ಗಟ್ಟಿ ಪ್ಲಾಸ್ಟಿಕ್ಕಿನ ಕವಚ, ಬಳಸದಿರುವಾಗ ತೆರೆಯನ್ನು ಮುಚ್ಚಿಕೊಳ್ಳುವ ಲೋಹದ ಮುಚ್ಚಳ, ಕೇಂದ್ರದಲ್ಲಿ ಲೋಹದ ಗುಂಬ ಇವುಗಳಿಂದಾಗಿ ಅದು ಅಂಗಿಯ ಜೇಬಿನಲ್ಲಿ ಸಾಗುವ ವಸ್ತುವಾಯಿತು. 1984ರಲ್ಲಿ ಆಪಲ್ ತನ್ನ ಮೆಕಿಂಟಾಷಿಗೆ ಇದನ್ನು ಆರಿಸಿಕೊಂಡಿತು. 1987ರಲ್ಲಿ ಐಬಿಎಂ ‘ಪಿಎಸ್ 2’ ಶ್ರೇಣಿಯೊಂದಿಗೆ 1.44 ಮೆಗಾಬೈಟಿನ ರೂಪವನ್ನು ಬಳಕೆಗೆ ತಂದಿತು. ಕನ್ನಡ ಅಕ್ಷರ ಜೋಡಣೆಯ ಲೋಕದಲ್ಲಿ ಬಹುಕಾಲ ಬಾಳಿದ್ದು ಇದೇ.

‘1.44’ ಎಂಬ ಸಂಖ್ಯೆ ಯಾವ ಲೆಕ್ಕಕ್ಕೂ ಒಗ್ಗದ ಸಂಖ್ಯೆ. ಎರಡು ಮುಖ, ಮುಖಕ್ಕೆ 80 ಟ್ರ್ಯಾಕು, ಟ್ರ್ಯಾಕಿಗೆ 18 ಸೆಕ್ಟರು, ಸೆಕ್ಟರಿಗೆ 512 ಬೈಟ್ ಎಂದು ಗುಣಿಸಿದರೆ 14,74,560 ಬೈಟ್ ಆಗುತ್ತದೆ. ಇದು ದಶಮಾಂಶ ರೀತಿಯಲ್ಲಿ 1.47 ಮೆಗಾಬೈಟ್, ದ್ವಿಮಾನ ರೀತಿಯಲ್ಲಿ 1.41 ಮೆಗಾಬೈಟ್. 1,440 ಕಿಲೋಬೈಟನ್ನು ದ್ವಿಮಾನದಲ್ಲಿ ಎಣಿಸಿ, ಅದನ್ನು ಸಾವಿರದಿಂದ ಭಾಗಿಸಿದ ಎಡವಟ್ಟಿನಿಂದ ಹುಟ್ಟಿದ ಈ ಅಂಕಿಯನ್ನು ಪೆಟ್ಟಿಗೆಗಳ ಮೇಲೆ ಮುದ್ರಿಸಲಾಯಿತು. ಜಗತ್ತು ಅದನ್ನು ಹಾಗೆಯೇ ಸ್ವೀಕರಿಸಿತು.

ತಟ್ಟೆಯ ಮೇಲಿನ ಬರವಣಿಗೆ

ಫ್ಲಾಪಿಯ ಒಡಲು ಸುಮಾರು 75 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಹಾಳೆ. ಅದರ ಮೇಲೆ ಅಂಟುದ್ರವ್ಯದಲ್ಲಿ ಕಲಸಿದ ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳ ಲೇಪವಿರುತ್ತದೆ. ಡ್ರೈವಿನ ಹೆಡ್ ಒಂದು ಸಣ್ಣ ವಿದ್ಯುತ್ಕಾಂತ. ಅದರಲ್ಲಿ ಹರಿಯುವ ವಿದ್ಯುತ್ತಿನ ದಿಕ್ಕು ಬದಲಾದಾಗ ಕೆಳಗೆ ಸಾಗುವ ಕಣಗಳ ಕಾಂತದಿಕ್ಕೂ ಬದಲಾಗುತ್ತದೆ. ಓದುವಾಗ ಈ ದಿಕ್ಕು ಮಗುಚುವ ಸ್ಥಳಗಳಷ್ಟೇ ಹೆಡ್ಡಿಗೆ ಗೋಚರಿಸುತ್ತವೆ. ಒಂದು ಮಗುಚುವಿಕೆಗೂ ಮುಂದಿನದಕ್ಕೂ ನಡುವಿನ ಕಾಲವನ್ನು ಅಳೆದು, ಅದರಿಂದ ಸೊನ್ನೆ–ಒಂದುಗಳ ಸಾಲನ್ನು ಲೆಕ್ಕಹಾಕಲಾಗುತ್ತದೆ. ಅಂದರೆ ಫ್ಲಾಪಿಯ ಮೇಲೆ ಅಕ್ಷರವಾಗಲಿ ಅಂಕಿಯಾಗಲಿ ಇಲ್ಲ. ಇರುವುದು ಕಾಲಾಂತರಗಳ ಒಂದು ವಿನ್ಯಾಸ. ಈ ಮಾತನ್ನು ನೆನಪಿನಲ್ಲಿಟ್ಟರೆ ಮುಂದೆ ಹೇಳಲಾಗುವ ಪುನರುದ್ಧಾರದ ವಿಧಾನ ಸುಲಭವಾಗಿ ತಿಳಿಯುತ್ತದೆ.

ಹಾರ್ಡ್ ಡಿಸ್ಕಿನಲ್ಲಿ ಹೆಡ್ ಗಾಳಿಯ ತೆಳುಪದರದ ಮೇಲೆ ತೇಲುತ್ತದೆ. ಫ್ಲಾಪಿಯಲ್ಲಾದರೋ ಅದು ಲೇಪವನ್ನು ಮುಟ್ಟಿಕೊಂಡೇ ಇರುತ್ತದೆ. ನಿಮಿಷಕ್ಕೆ 300 ಸುತ್ತಿನ ನಿಧಾನಗತಿಗೆ ಇದೇ ಕಾರಣ. ಪ್ರತಿ ಓದಿನಲ್ಲೂ ಲೇಪ ಕಿಂಚಿತ್ತು ಸವೆಯುವುದಕ್ಕೂ ಇದೇ ಕಾರಣ. ಮೂರೂವರೆ ಅಂಗುಲದ ತಟ್ಟೆಯಲ್ಲಿ ಅಂಗುಲಕ್ಕೆ 135 ಟ್ರ್ಯಾಕುಗಳಂತೆ ಎರಡು ಟ್ರ್ಯಾಕುಗಳ ನಡುವಿನ ಅಂತರ ಸುಮಾರು 0.19 ಮಿಲಿಮೀಟರ್. ಇಷ್ಟು ಕಿರಿದಾದ ಈ ಅಂತರದಲ್ಲಿ ಒಂದು ಡ್ರೈವಿನ ಹೆಡ್ ತುಸು ಓರೆಯಾಗಿದ್ದರೂ, ಅದು ಬರೆದುದನ್ನು ಅದೇ ಡ್ರೈವ್ ಓದುತ್ತದೆ, ಇನ್ನೊಂದು ಓದುವುದಿಲ್ಲ. ಅಕ್ಷರ ಜೋಡಣೆಯ ಕೇಂದ್ರದಲ್ಲಿ ಸರಿಯಾಗಿ ತೆರೆಯುತ್ತಿದ್ದ ಕಡತ ಮುದ್ರಣಾಲಯದಲ್ಲಿ ತೆರೆಯದೆ ಹೋಗುತ್ತಿದ್ದ ಎಷ್ಟೋ ಪ್ರಸಂಗಗಳಿಗೆ ಈ ಓರೆಯೇ ಮೂಲ. ದೋಷ ಮಾತ್ರ ಯಾವಾಗಲೂ ಫ್ಲಾಪಿಯ ತಲೆಗೆ ಬರುತ್ತಿತ್ತು.

ಐದೂಕಾಲು ಅಂಗುಲದಲ್ಲಿ ಇನ್ನೂ ಒಂದು ತೊಡಕಿತ್ತು. 360 ಕಿಲೋಬೈಟಿನ ಡ್ರೈವಿನ ಟ್ರ್ಯಾಕ್ ಅಗಲವಾದುದು, 1.2 ಮೆಗಾಬೈಟಿನ ಡ್ರೈವಿನದು ಅದರ ಅರ್ಧದಷ್ಟು ಕಿರಿದು. ಹಳೆಯ ಫ್ಲಾಪಿಯ ಮೇಲೆ ಹೊಸ ಡ್ರೈವಿನಿಂದ ಬರೆದಾಗ ಅಗಲವಾದ ಹಳೆಯ ಸಾಲಿನ ನಡುವೆ ಕಿರಿದಾದ ಹೊಸ ಸಾಲು ಮೂಡುತ್ತದೆ. ಇದನ್ನು ಹಳೆಯ ಡ್ರೈವ್ ಓದಹೊರಟರೆ ಎರಡೂ ಕಾಲದ ಬರವಣಿಗೆ ಒಟ್ಟಿಗೇ ಕಂಡು ಕಲಸುಮೇಲೋಗರವಾಗುತ್ತದೆ. ಅಳಿಸಿ ಬರೆದ ಓಲೆಯಲ್ಲಿ ಕೆಳಗಿನ ಲಿಪಿ ಇಣುಕುವಂತೆ ಎನ್ನಬಹುದು. ಹಳೆಯ ಫ್ಲಾಪಿಗಳನ್ನು ಇಂದು ಪರೀಕ್ಷಿಸುವವರು ತಟ್ಟೆಯ ಬಗೆಯನ್ನಷ್ಟೇ ಅಲ್ಲದೆ, ಅದನ್ನು ಕೊನೆಯದಾಗಿ ಬರೆದ ಡ್ರೈವಿನ ಬಗೆಯನ್ನೂ ಊಹಿಸಬೇಕಾಗುವುದು ಇದರಿಂದಲೇ.

ಸೆಕ್ಟರುಗಳಲ್ಲಿ ಚದುರಿದ ಕಡತವನ್ನು ಒಗ್ಗೂಡಿಸುವುದು ಡಾಸ್ ವ್ಯವಸ್ಥೆಯ ‘ಫ್ಯಾಟ್’ ಎಂಬ ಹಂಚಿಕೆಯ ಪಟ್ಟಿ. 1.44 ಮೆಗಾಬೈಟಿನ ಫ್ಲಾಪಿಯ 2,880 ಸೆಕ್ಟರುಗಳಲ್ಲಿ ಮೊದಲನೆಯದು ಗಣಕವನ್ನು ಎಬ್ಬಿಸುವ ಸೂಚನೆಗಳಿಗೆ, 18 ಸೆಕ್ಟರುಗಳು ಈ ಪಟ್ಟಿಯ ಎರಡು ಪ್ರತಿಗಳಿಗೆ, 14 ಸೆಕ್ಟರುಗಳು ಕಡತಗಳ ಹೆಸರಿನ ಸೂಚಿಗೆ ಹೋಗಿ, ಉಳಿದ 2,847 ಸೆಕ್ಟರುಗಳು ಬರಹಕ್ಕೆ ದೊರೆಯುತ್ತವೆ. ಕಡತವೊಂದನ್ನು ಅಳಿಸಿದಾಗ ಅಳಿಯುವುದು ಹೆಸರಿನ ಮೊದಲ ಅಕ್ಷರ ಮತ್ತು ಪಟ್ಟಿಯಲ್ಲಿನ ಕೊಂಡಿ ಮಾತ್ರ. ಬರಹ, ಅದರ ಮೇಲೆ ಇನ್ನೊಂದು ಬರಹ ಬೀಳುವವರೆಗೂ ಇದ್ದಲ್ಲೇ ಇರುತ್ತದೆ. ಪಠ್ಯಸಂಪಾದನೆಯ ದೃಷ್ಟಿಯಿಂದ ಇದು ಬಹುಮುಖ್ಯವಾದ ಸಂಗತಿ. ಲೇಖಕನು ಕೈಬಿಟ್ಟ ಕರಡು, ತೆಗೆದುಹಾಕಿದ ಅಧ್ಯಾಯ ತಟ್ಟೆಯಲ್ಲಿ ಉಳಿದಿರಬಹುದು. ಹಾಗೆಯೇ ಯಾರಿಗೂ ತೋರಿಸಬಾರದೆಂದು ಅಳಿಸಿದ ಖಾಸಗಿ ಪತ್ರವೂ ಉಳಿದಿರಬಹುದು. ಫ್ಲಾಪಿಗಳನ್ನು ದಾನವಾಗಿ ಪಡೆಯುವ ಗ್ರಂಥಾಲಯ ಈ ಬಗ್ಗೆ ಲೇಖಕರೊಂದಿಗೆ ಅಥವಾ ವಾರಸುದಾರರೊಂದಿಗೆ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಮೇಲು.

ಮೊದಲ ಸೆಕ್ಟರಿನಲ್ಲಿರುವ ಸೂಚನೆಗಳನ್ನು ಗಣಕ ಪ್ರಶ್ನಿಸದೆ ಪಾಲಿಸುತ್ತಿದ್ದುದರಿಂದ ಅದು ವೈರಸ್ಸುಗಳ ಮೊದಲ ನೆಲೆಯೂ ಆಯಿತು. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ ‘ಬ್ರೇನ್’ ಐಬಿಎಂ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಎನಿಸಿದೆ. ಅಂತರಜಾಲದ ನೆರವಿಲ್ಲದೆ, ಕೈಯಿಂದ ಕೈಗೆ ಸಾಗಿದ ಐದೂಕಾಲು ಅಂಗುಲದ ಫ್ಲಾಪಿಗಳ ಮೂಲಕವೇ ಅದು ಖಂಡಾಂತರಗಳನ್ನು ದಾಟಿತು.

ಕನ್ನಡದ ಅಕ್ಷರ ಜೋಡಣೆ ಮತ್ತು ಫ್ಲಾಪಿ

ಮೊಳೆಜೋಡಣೆಯಿಂದ ಗಣಕಕ್ಕೆ ಕನ್ನಡ ಮುದ್ರಣ ಹೊರಳಿದ ಅವಧಿಯೂ ಫ್ಲಾಪಿಯ ಏಳಿಗೆಯ ಅವಧಿಯೂ ಹೆಚ್ಚುಕಡಮೆ ಒಂದೇ. ಭಾರತೀಯ ಲಿಪಿಗಳಿಗಾಗಿ ಐಐಟಿ ಕಾನ್ಪುರದಲ್ಲಿ ಮೊದಲಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನ, 1991ರಲ್ಲಿ ಭಾರತೀಯ ಮಾನಕ ಬ್ಯೂರೊ ಅಂಗೀಕರಿಸಿದ ‘ಇಸ್ಕಿ’ ಸಂಕೇತ, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಮತ್ತು ಅವರು ಉಚಿತವಾಗಿ ನೀಡಿದ ‘ಸೇಡಿಯಾಪು’ ತಂತ್ರಾಂಶ, ಮುಂದೆ ಪ್ರಕಾಶಕ್, ಶ್ರೀಲಿಪಿ, ಆಕೃತಿಗಳಂತಹ ವಾಣಿಜ್ಯ ತಂತ್ರಾಂಶಗಳು, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಆನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವೆಲ್ಲ ಈ ಹೊರಳುವಿಕೆಯ ಮೈಲಿಗಲ್ಲುಗಳು. ಪುಟವಿನ್ಯಾಸಕ್ಕೆ ಪೇಜ್‌ಮೇಕರ್ ಮನೆಮಾತಾಗಿತ್ತು. ಲೇಖಕರ ಹಸ್ತಪ್ರತಿ ಡಿಟಿಪಿ ಕೇಂದ್ರಕ್ಕೆ ಬಂದು, ಕರಡು ತಿದ್ದುಪಡಿಯಾಗಿ, ಕೊನೆಯ ರೂಪ ಬಟರ್ ಪೇಪರಿನ ಮೇಲೆ ಇಳಿದು ಆಫ್‌ಸೆಟ್ ಮುದ್ರಣಾಲಯಕ್ಕೆ ಹೋಗುತ್ತಿತ್ತು. ಕಡತ ಮಾತ್ರ ಒಂದೋ ಎರಡೋ ಫ್ಲಾಪಿಗಳಲ್ಲಿ ನಕಲಾಗಿ, ಮೇಲೆ ಪೆನ್ನಿನಿಂದ ಪುಸ್ತಕದ ಹೆಸರು ಬರೆದ ಚೀಟಿಯೊಂದಿಗೆ ಪ್ರಕಾಶಕರ ಮೇಜಿನ ಖಾನೆ ಸೇರುತ್ತಿತ್ತು.

ಒಂದು ಫ್ಲಾಪಿಯಲ್ಲಿ ಎಷ್ಟು ಕನ್ನಡ ಹಿಡಿಸುತ್ತಿತ್ತು? ಐವತ್ತು ಸಾವಿರ ಪದಗಳ ಒಂದು ಕಾದಂಬರಿಯನ್ನು ಊಹಿಸಿಕೊಂಡು, ಪದವೊಂದಕ್ಕೆ ಸರಾಸರಿ ಎಂಟು ಸಂಕೇತಗಳೆಂದು ಇಟ್ಟುಕೊಂಡರೆ ನಾಲ್ಕು ಲಕ್ಷ ಸಂಕೇತಗಳಾಗುತ್ತವೆ. ಅಂದಿನ ವ್ಯವಸ್ಥೆಗಳಲ್ಲಿ ಸಂಕೇತವೊಂದಕ್ಕೆ ಒಂದು ಬೈಟ್. ಹೀಗಾಗಿ ಮೂರು ಕಾದಂಬರಿಗಳ ಬರಿಯ ಪಠ್ಯಕ್ಕೆ ಒಂದು ಫ್ಲಾಪಿ ಸಾಕಾಗುತ್ತಿತ್ತು. ಇಂದು ವ್ಯಾಪಕವಾಗಿರುವ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತ ಮೂರು ಬೈಟುಗಳನ್ನು ಬೇಡುವುದರಿಂದ ಒಂದೇ ಕಾದಂಬರಿಗೆ ಫ್ಲಾಪಿ ಬಹುತೇಕ ತುಂಬಿಹೋಗುತ್ತದೆ. ಪುಟವಿನ್ಯಾಸದ ಕಡತದಲ್ಲಿ ಚಿತ್ರಗಳು ಸೇರಿದರಂತೂ ಒಂದು ಫ್ಲಾಪಿ ಸಾಲುತ್ತಿರಲಿಲ್ಲ. ಕಡತವನ್ನು ಸಂಕುಚಿಸಿ ಐದಾರು ಫ್ಲಾಪಿಗಳಿಗೆ ಹಂಚುವುದು ರೂಢಿಯಾಗಿತ್ತು; ಅವುಗಳಲ್ಲಿ ಒಂದು ಕೆಟ್ಟರೂ ಉಳಿದವು ಬಹುಮಟ್ಟಿಗೆ ನಿರುಪಯುಕ್ತ. ಡಾಸ್ ಕಾಲದಲ್ಲಿ ಕಡತದ ಹೆಸರಿಗೆ ಎಂಟು ರೋಮನ್ ಅಕ್ಷರಗಳ ಮಿತಿಯಿದ್ದುದರಿಂದ, ಇಂದು ಅಂತಹ ತಟ್ಟೆಯನ್ನು ತೆರೆದವರಿಗೆ ಸಿಗುವುದು ಕೃತಿಯ ಹೆಸರಲ್ಲ, ಜೋಡಣೆಗಾರರಿಗೆ ಮಾತ್ರ ತಿಳಿದಿದ್ದ ಸಂಕ್ಷೇಪ.

ತಟ್ಟೆಯನ್ನು ಓದಿ ಕಡತವನ್ನು ಪಡೆದ ಮೇಲೂ ಕನ್ನಡದ ಮಟ್ಟಿಗೆ ಕೆಲಸ ಅರ್ಧದಷ್ಟೇ ಮುಗಿದಿರುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ಈ ಅರ್ಧ ಇಲ್ಲ. ಅದರ ಅಕ್ಷರಗಳಿಗೆ 1960ರ ದಶಕದಿಂದಲೂ ಸರ್ವಸಮ್ಮತ ಸಂಕೇತವಿತ್ತು. ಕನ್ನಡಕ್ಕೆ ಇಸ್ಕಿ ಎಂಬ ಮಾನಕ ಇದ್ದರೂ ಡಿಟಿಪಿ ಲೋಕ ಬಳಸಿದ್ದು ಬೇರೆಯದನ್ನು. ರೋಮನ್ ಅಕ್ಷರಗಳ 256 ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿ, ಆ ತುಂಡುಗಳನ್ನು ಜೋಡಿಸಿ ಅಕ್ಷರದ ಆಕಾರ ಮೂಡಿಸುವ ಉಪಾಯವದು. ಮೊಳೆಜೋಡಣೆಯ ಕ್ರಮವನ್ನೇ ಇದು ಗಣಕದಲ್ಲಿ ಮುಂದುವರಿಸಿತೆನ್ನಬಹುದು. ಪ್ರತಿಯೊಂದು ಸಂಸ್ಥೆಯೂ ತನಗೆ ತೋಚಿದಂತೆ ತುಂಡುಗಳನ್ನು ಕೂರಿಸಿದ್ದರಿಂದ, ಆಯಾ ಫಾಂಟು ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಂತೆ.

ನುಡಿಯ ಯುನಿಕೋಡ್‌ಪೂರ್ವ ಫಾಂಟುಗಳನ್ನು ಉದಾಹರಣೆಗೆ ನೋಡಬಹುದು. ಅವುಗಳಲ್ಲಿ ‘ಕ’ ಒಂದು ಸಂಕೇತವಲ್ಲ. ಅಕ್ಷರದ ಒಡಲಿಗೆ ಒಂದು, ತಲೆಕಟ್ಟಿಗೆ ಇನ್ನೊಂದು. ‘ಮ’ ಎಂಬುದು ‘ವ’ದ ಆಕಾರಕ್ಕೆ ಕೊಂಬು ಸೇರಿಸಿ ಸಾಧಿಸಿದ ರೂಪ. ‘ಯ’ದ ಮೊದಲ ಭಾಗ ಅನುಸ್ವಾರದ ಸೊನ್ನೆಯೇ ಆಗಿದೆ. ಅರ್ಕಾವೊತ್ತಿನ ಸ್ಥಿತಿ ಇನ್ನೂ ಸ್ವಾರಸ್ಯಕರ. ‘ಸೂರ್ಯ’ ಎಂಬಲ್ಲಿ ಉಚ್ಚಾರದಂತೆ ರಕಾರ ಮೊದಲು, ಯಕಾರ ಅನಂತರ. ಇಸ್ಕಿ ಮತ್ತು ಯುನಿಕೋಡುಗಳು ಈ ಕ್ರಮವನ್ನೇ ಪಾಲಿಸುತ್ತವೆ. ಫಾಂಟು ಆಧಾರಿತ ಕಡತದಲ್ಲಾದರೋ ಕಣ್ಣಿಗೆ ಕಾಣುವ ಕ್ರಮದಲ್ಲಿ ‘ಯ’ ಮುಂದೆ, ಅರ್ಕಾವೊತ್ತು ಹಿಂದೆ. ಆದ್ದರಿಂದ ಒಂದು ಚಿಹ್ನೆಗೆ ಇನ್ನೊಂದನ್ನು ಬದಲಿಸುತ್ತ ಹೋಗುವ ಸರಳ ಪರಿವರ್ತನೆ ಇಲ್ಲಿ ಸಲ್ಲದು. ಪರಿವರ್ತಕವು ಒಡಲು, ಕೊಂಬು, ಒತ್ತುಗಳನ್ನು ಒಂದು ಅಕ್ಷರದ ಪರಿಧಿಗೆ ಕೂಡಿಸಿಕೊಂಡು, ಅವುಗಳ ಕ್ರಮವನ್ನು ಮತ್ತೆ ಹೊಂದಿಸಬೇಕು. ನುಡಿ ಮತ್ತು ಬರಹಗಳ ಹಳೆಯ ಪಠ್ಯಗಳಿಗೆ ಇಂತಹ ಪರಿವರ್ತಕಗಳು ಲಭ್ಯವಿದ್ದು, ಸಾಕಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ. ಬಳಕೆಯಿಂದ ಸಂಪೂರ್ಣ ಸರಿದುಹೋದ ತಂತ್ರಾಂಶಗಳ ವಿಷಯದಲ್ಲಿ ಫಾಂಟಿನ ಕಡತವೇ ದೊರೆಯದಿದ್ದರೆ, ಮುದ್ರಿತ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಯಾವ ಚಿಹ್ನೆ ಯಾವ ತುಂಡಿಗೆ ಸಲ್ಲುತ್ತದೆಂಬುದನ್ನು ಒಂದೊಂದಾಗಿ ಗುರುತಿಸಬೇಕಾಗುತ್ತದೆ. ದ್ವಿಭಾಷಾ ಶಾಸನದ ನೆರವಿನಿಂದ ಅರಿಯದ ಲಿಪಿಯನ್ನು ಬಿಡಿಸುವ ಕೆಲಸಕ್ಕೆ ಇದು ಹತ್ತಿರವಾದುದು. ಸಮಾಧಾನದ ಸಂಗತಿಯೆಂದರೆ, ಒಂದು ಫಾಂಟಿಗೆ ಒಮ್ಮೆ ಇಂತಹ ಪಟ್ಟಿ ಸಿದ್ಧವಾದರೆ ಅದೇ ಫಾಂಟಿನಲ್ಲಿ ಜೋಡಣೆಗೊಂಡ ಎಲ್ಲ ಪುಸ್ತಕಗಳಿಗೂ ಅದು ಸಲ್ಲುತ್ತದೆ.

ಯುನಿಕೋಡ್ ತನ್ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ನೀಡಿತ್ತು. ಆದರೂ ಅದು ಕನ್ನಡ ಪುಟವಿನ್ಯಾಸದಲ್ಲಿ ನೆಲೆಯೂರಲು ಹದಿನೈದು ಇಪ್ಪತ್ತು ವರ್ಷಗಳೇ ಹಿಡಿದವು. ಫ್ಲಾಪಿಯ ಆಯುಷ್ಯ ಮುಗಿದದ್ದು ಈ ನಡುವೆಯೇ. ಎಂದರೆ ಕನ್ನಡದ ಫ್ಲಾಪಿಗಳಲ್ಲಿ ಯುನಿಕೋಡ್ ಪಠ್ಯ ದೊರೆಯುವ ಸಂಭವ ಅತ್ಯಲ್ಪ. ಹೆಚ್ಚಿನವುಗಳಲ್ಲಿ ಎರಡು ಬೀಗಗಳಿವೆ.

ಕೆಡುವ ಬಗೆ, ಓದುವ ಬಗೆ

ಫ್ಲಾಪಿಯ ಅವಸಾನ ಒಂದೇ ದಿನದಲ್ಲಿ ಸಂಭವಿಸಲಿಲ್ಲ. 1995ರಲ್ಲಿ ವಿಂಡೋಸ್ 95 ತಂತ್ರಾಂಶ 13 ಫ್ಲಾಪಿಗಳ ಕಟ್ಟಿನಲ್ಲೂ ಮಾರಾಟವಾಗುತ್ತಿತ್ತು. 1998ರಲ್ಲಿ ಆಪಲ್ ತನ್ನ ಐಮ್ಯಾಕ್ ಗಣಕದಿಂದ ಫ್ಲಾಪಿ ಡ್ರೈವನ್ನು ಕೈಬಿಟ್ಟಿತು. ಸಿಡಿ, ಪೆನ್ ಡ್ರೈವ್, ಇ-ಮೇಲುಗಳು ಉಳಿದ ಕೆಲಸವನ್ನು ಪೂರೈಸಿದವು. ಸೋನಿ 2011ರಲ್ಲಿ ಜಪಾನಿನಲ್ಲಿ ಮಾರಾಟ ನಿಲ್ಲಿಸಿತು. ಅದಾದ ಮೇಲೂ ಅಮೆರಿಕದ ಅಣ್ವಸ್ತ್ರ ಪಡೆಗಳ ಸಂದೇಶ ವ್ಯವಸ್ಥೆಯೊಂದು 8 ಅಂಗುಲದ ಫ್ಲಾಪಿಗಳನ್ನೇ ಬಳಸುತ್ತಿದ್ದುದು 2016ರ ಸರ್ಕಾರಿ ವರದಿಯಿಂದ ಬೆಳಕಿಗೆ ಬಂದಿತು. 2019ರಲ್ಲಿ ಅದನ್ನು ಬದಲಿಸಲಾಯಿತು. ಸರ್ಕಾರಕ್ಕೆ ಅರ್ಜಿ, ದಾಖಲೆಗಳನ್ನು ಫ್ಲಾಪಿಯಲ್ಲಿ ಸಲ್ಲಿಸಬೇಕೆಂಬ ಸಾವಿರಕ್ಕೂ ಹೆಚ್ಚು ನಿಯಮಗಳನ್ನು ಜಪಾನ್ ತೆಗೆದುಹಾಕಿ ಮುಗಿಸಿದ್ದು 2024ರಲ್ಲಿ. ಉಪಕರಣ ಅಳಿದರೂ ಕಚೇರಿಯ ನಡಾವಳಿ ಅಳಿಯುವುದು ತಡವಾಗಿಯೇ.

ತಟ್ಟೆಗಳು ಕೆಡುವುದಕ್ಕೆ ಕಾಂತ ಮಾಸುವುದಕ್ಕಿಂತ ಲೇಪದ ಅಂಟು ಶಿಥಿಲವಾಗುವುದೇ ಹೆಚ್ಚಿನ ಕಾರಣ. ಗಾಳಿಯ ತೇವವನ್ನು ಹೀರಿದ ಅಂಟು ಮೆತ್ತಗಾಗಿ, ಹೆಡ್ ಉಜ್ಜಿದಾಗ ಲೇಪವೇ ಕಿತ್ತುಬರುತ್ತದೆ. ಬೂಷ್ಟು ಇನ್ನೊಂದು ಶತ್ರು. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಪುಸ್ತಕದ ರಟ್ಟಿಗೆ ಹಿಡಿಯುವ ಬೂಷ್ಟು ಫ್ಲಾಪಿಯ ಲಕೋಟೆಯೊಳಕ್ಕೂ ಹೊಗುತ್ತದೆ. ಮೂರೂವರೆ ಅಂಗುಲದ ಫ್ಲಾಪಿಯ ಲೋಹದ ಮುಚ್ಚಳವನ್ನು ಮೆಲ್ಲನೆ ಸರಿಸಿ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಬಿಳಿಯ ಅಥವಾ ಮಂಜಿನಂತಹ ಚುಕ್ಕೆಗಳಾಗಿ ಅದು ಕಾಣಿಸುತ್ತದೆ. ಇಂತಹ ತಟ್ಟೆಯನ್ನು ಹಾಗೆಯೇ ಡ್ರೈವಿಗೆ ತೂರಿಸಬಾರದು; ತೂರಿಸಿದರೆ ಆ ಕೊಳೆ ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ತಟ್ಟೆಗಳನ್ನೂ ಗೀರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ, ನೂಲು ಬಿಡದ ಬಟ್ಟೆಯಿಂದ ಮೃದುವಾಗಿ ಒರೆಸಿ, ಪೂರ್ತಿ ಒಣಗಿದ ಬಳಿಕವೇ ಓದಿಸಬೇಕು. ಒಂದೊಂದು ತಟ್ಟೆಯ ಬಳಿಕವೂ ಹೆಡ್ಡನ್ನು ಶುಚಿಗೊಳಿಸುವ ತಾಳ್ಮೆ ಬೇಕು.

ಓದುವ ಮೊದಲು ಬರವಣಿಗೆ ತಡೆಯನ್ನು ಪರಿಶೀಲಿಸುವುದು ಕಡ್ಡಾಯ. ಇಲ್ಲಿ ಮೂರು ಗಾತ್ರಗಳಿಗೆ ಮೂರು ನಿಯಮ: ಐದೂಕಾಲು ಅಂಗುಲದ ಅಂಚಿನ ಕಚ್ಚನ್ನು ಅಂಟುಪಟ್ಟಿಯಿಂದ ಮುಚ್ಚಿದರೆ ಬರೆಯಲಾಗದು, 8 ಅಂಗುಲದ್ದರಲ್ಲಿ ಕಚ್ಚು ತೆರೆದಿದ್ದರೆ ಬರೆಯಲಾಗದು, ಮೂರೂವರೆ ಅಂಗುಲದ್ದರಲ್ಲಿ ಪುಟ್ಟ ಜಾರುಗುಂಡಿ ಸರಿದು ರಂಧ್ರ ಕಾಣುತ್ತಿದ್ದರೆ ಬರೆಯಲಾಗದು. ಈ ಅದಲುಬದಲಿನಿಂದ ಒಳ್ಳೆಯ ತಟ್ಟೆಗಳು ಹಾಳಾಗುವ ಅಪಾಯವಿದೆ.

ಯುಎಸ್‌ಬಿ ಸಂಪರ್ಕದ ಅಗ್ಗದ ಡ್ರೈವುಗಳು ಮೂರೂವರೆ ಅಂಗುಲದ ಸಾಮಾನ್ಯ ಡಾಸ್ ಫ್ಲಾಪಿಗಳನ್ನು ಓದಬಲ್ಲವು. ಆರೋಗ್ಯವಾಗಿರುವ ತಟ್ಟೆಗೆ ಅಷ್ಟು ಸಾಕು. ಹಳೆಯ ಮೆಕಿಂಟಾಷಿನ 400 ಮತ್ತು 800 ಕಿಲೋಬೈಟಿನ ಫ್ಲಾಪಿಗಳು ಮಾತ್ರ ಇವುಗಳಿಗೆ ಎಟುಕುವುದಿಲ್ಲ, ಏಕೆಂದರೆ ಅವುಗಳ ಸಂಕೇತನ ಕ್ರಮವೇ ಬೇರೆ. ಕೆಟ್ಟ, ಅಪರಿಚಿತ ಅಥವಾ ಅಮೂಲ್ಯವಾದ ತಟ್ಟೆಗಳಿಗೆ ಕ್ರಯೋಫ್ಲಕ್ಸ್, ಗ್ರೀಸ್‌ವೀಸಲ್ ಮುಂತಾದ ಸಾಧನಗಳಿವೆ. ಇವು ಹಳೆಯ ಡ್ರೈವಿಗೆ ಹೊಸ ಗಣಕವನ್ನು ಜೋಡಿಸಿ, ಸೊನ್ನೆ–ಒಂದುಗಳಿಗೆ ಹೋಗದೆ, ಮೊದಲೇ ಹೇಳಿದ ಕಾಂತದಿಕ್ಕಿನ ಮಗುಚುವಿಕೆಯ ಕಾಲಾಂತರಗಳನ್ನೇ ದಾಖಲಿಸುತ್ತವೆ. ತಟ್ಟೆಯನ್ನು ಒಮ್ಮೆ ಹೀಗೆ ಇಳಿಸಿಕೊಂಡರೆ, ಅರ್ಥೈಸುವ ಕೆಲಸವನ್ನು ತಟ್ಟೆಗೆ ಮತ್ತೆ ತೊಂದರೆ ಕೊಡದೆ ಎಷ್ಟು ಸಲವಾದರೂ ಮಾಡಬಹುದು. ಸವೆಯುವ ಮಾಧ್ಯಮಕ್ಕೆ ಇದಕ್ಕಿಂತ ಉಚಿತವಾದ ಕ್ರಮ ಇನ್ನೊಂದಿಲ್ಲ. ಬಿಡಿ ಕಡತಗಳನ್ನು ನಕಲು ಮಾಡಿಕೊಳ್ಳುವುದಕ್ಕಿಂತ ಇಡೀ ತಟ್ಟೆಯ ಪ್ರತಿರೂಪ ಪಡೆಯುವುದೂ ಇದೇ ಕಾರಣಕ್ಕೆ ಶ್ರೇಯಸ್ಕರ.

2014ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕ ಸಂಘದವರು ಪಿಟ್ಸ್‌ಬರ್ಗಿನ ವಸ್ತುಸಂಗ್ರಹಾಲಯದಲ್ಲಿದ್ದ ಕಲಾವಿದ ಆಂಡಿ ವಾರ್ಹೋಲನ ಅಮಿಗ ಫ್ಲಾಪಿಗಳನ್ನು ಈ ಬಗೆಯ ಸಾಧನದಿಂದಲೇ ಓದಿ, 1985ರ ಸುಮಾರಿನ ಚಿತ್ರಗಳನ್ನು ಹೊರತೆಗೆದರು. ತಟ್ಟೆ ಓದಿಸಿಕೊಂಡಿತು; ತೊಡಕಾದದ್ದು ಚಿತ್ರದ ಕಡತಗಳ ಅಪರಿಚಿತ ರೂಪ. ಅದನ್ನು ಬಿಡಿಸಿಕೊಂಡ ಬಳಿಕವೇ ಚಿತ್ರ ಕಂಡಿತು. ಕನ್ನಡದ ಫಾಂಟುಗಳ ಸಮಸ್ಯೆಯ ಸ್ವರೂಪವೂ ಇದೇ ಆಗಿದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯ 2010ರಲ್ಲಿ ಸಲ್ಮಾನ್ ರಶ್ದಿ ಅವರ ಸಂಗ್ರಹವನ್ನು ತೆರೆದಾಗ, ಅವರು ಬಳಸುತ್ತಿದ್ದ ಗಣಕದ ಪರಿಸರವನ್ನೇ ತಂತ್ರಾಂಶದಲ್ಲಿ ಪುನಃಸೃಷ್ಟಿಸಿ ಓದುಗರ ಮುಂದಿಟ್ಟಿತು. ಪೇಜ್‌ಮೇಕರ್ ಕಡತಗಳ ವಿಷಯದಲ್ಲಿ ಈ ಮಾರ್ಗ ನಮಗೂ ಉಪಯುಕ್ತ: ಹಳೆಯ ವಿಂಡೋಸ್, ಹಳೆಯ ಪೇಜ್‌ಮೇಕರ್, ಹಳೆಯ ಫಾಂಟು ಮೂರನ್ನೂ ಇಂದಿನ ಗಣಕದೊಳಗಿನ ಕೃತಕ ಯಂತ್ರವೊಂದರಲ್ಲಿ ಸ್ಥಾಪಿಸಿದರೆ ಪುಟ ಅಂದಿನಂತೆಯೇ ತೆರೆದುಕೊಳ್ಳುತ್ತದೆ. ಮೊದಲು ಆ ಪುಟದ ಚಿತ್ರವನ್ನೂ, ಅನಂತರ ಪಠ್ಯವನ್ನೂ ಹೊರತೆಗೆದು, ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸಿ, ಎರಡನ್ನೂ ಹೋಲಿಸಿ ತಿದ್ದಬಹುದು.

ಮುದ್ರಿತ ಪುಸ್ತಕವನ್ನೇ ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಒಪ್ಪಿಸಿದರೆ ಸಾಲದೇ ಎಂಬ ಆಕ್ಷೇಪ ಸಹಜವಾದುದು. ಚೆನ್ನಾಗಿ ಮುದ್ರಿತವಾದ ಕೃತಿಗಳಿಗೆ ಅದು ಸಾಕಾಗಬಹುದು, ಖರ್ಚೂ ಕಡಿಮೆ. ಆದರೆ ಮುದ್ರಣವಾಗದೆ ಉಳಿದ ಕರಡುಗಳು, ಸಂಕ್ಷೇಪಗೊಳ್ಳುವ ಮುನ್ನಿನ ಪೂರ್ಣಪಾಠಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು, ನಿಘಂಟು ಮತ್ತು ಗ್ರಂಥಸೂಚಿಗಳ ದತ್ತಾಂಶ ಇವುಗಳಿಗೆ ತಟ್ಟೆಯ ಹೊರತು ಬೇರೆ ಆಕರವಿಲ್ಲ. ಫ್ಲಾಪಿಗಳ ರಾಶಿಯ ಮುಂದೆ ನಿಂತ ಗ್ರಂಥಪಾಲಕರು ಮೊದಲು ಆರಿಸಬೇಕಾದದ್ದು ಇವನ್ನೇ. ಮೇಲಿನ ಚೀಟಿಯ ಛಾಯಾಚಿತ್ರ, ತಂದುಕೊಟ್ಟವರು ಹೇಳಿದ ವಿವರ, ಜೋಡಣೆಗೆ ಬಳಸಿದ ತಂತ್ರಾಂಶದ ಹೆಸರು ಇಷ್ಟನ್ನು ತಟ್ಟೆಯ ಪ್ರತಿರೂಪದೊಂದಿಗೇ ದಾಖಲಿಸಬೇಕು. ತಂತ್ರಾಂಶದ ಹೆಸರನ್ನು ಹೇಳಬಲ್ಲವರು ಅಂದಿನ ಡಿಟಿಪಿ ಜೋಡಣೆಗಾರರು. ಅವರಲ್ಲಿ ಹಲವರು ವೃತ್ತಿ ಬಿಟ್ಟಿದ್ದಾರೆ, ಕೆಲವರ ಬಳಿ ಹಳೆಯ ಫಾಂಟುಗಳ ಫ್ಲಾಪಿಗಳು ಇನ್ನೂ ಉಳಿದಿರಬಹುದು. ಪುಸ್ತಕಗಳ ಒಳಪುಟದಲ್ಲಿ ಮುದ್ರಕರ ಹೆಸರಿನ ಮೇಲೆ ‘ಡಿಟಿಪಿ’ ಎಂಬ ಸಣ್ಣ ಸಾಲಿನಲ್ಲಿ ಅವರ ವಿವರ ಅಚ್ಚಾಗಿದೆ. ಹುಡುಕಾಟವನ್ನು ಅಲ್ಲಿಂದ ಆರಂಭಿಸಬಹುದು.